ಅರ್ಧ ಇಂಚು ಮೇಲೆ

ಚಿತ್ತಾಪುರದ ಆಚಾರ್ಯರು ತೀರಿಕೊಂಡರೆಂದು ಫೋನ್ ಬಂದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು, "ಹೋಯ್ತಲ್ರಿ, ಇನ್ನ ಯಾರಿಗಿ ಕೇಳ್ಬೇಕು?" ಎಂಬುದು. ಫೋನ್ ಮಾಡಿದ್ದವರು ಅವರ ತಂಗಿಯ ಗಂಡ. "ಏನ್ ಕೇಳೋದಿತ್ರಿ?" ಎಂದರು ಪಾಪ. ನನ್ನ ಮೋಟರ್ ಸೈಕಲ್ಲಿನ ಎಡಗಡೆಯ ಫುಟ್‌ರೆಸ್ಟನ್ನು ಬಲಗಡೆಯದಕ್ಕಿಂತ ಅರ್ಧ ಇಂಚು ಮೇಲೆ ಯಾಕೆ ಕೂಡಿಸಿದ್ದರು ಎಂದು ಕೇಳುವುದಿತ್ತು. ಸಾವಿನ ಮನೆಯವರ ಮುಂದೆ ಆಡುವ ಮಾತೇ ಅದು? "ಏನಿಲ್ರಿ, ಮಣ್ಣಿಗಿ ಬರ್ತೀನಿ" ಎಂದು ಫೋನ್ ಇಟ್ಟೆ.

ತೀರಿಕೊಂಡವರ ಬಗ್ಗೆ ಬರೆಯಲು ಕೂತರೆ ಕಣ್ಣು ಒದ್ದೆಯಾಗಬೇಕು. ನನಗೆ ತಲೆ ಬಿಸಿಯಾಗುತ್ತದೆ. ಈ ಮನುಷ್ಯ ಯಾವುದಕ್ಕೂ ಕಾರಣ ಹೇಳುತ್ತಿರಲಿಲ್ಲ. ಕೆಲಸ ಮಾಡುತ್ತಿದ್ದರು, ಅದೂ ಗುಲಬರ್ಗಾದಿಂದ ಹೈದರಾಬಾದ್‌ವರೆಗೆ ಯಾರಿಗೂ ಬರದಂಥ ಕೆಲಸ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರೆ ಮಾತ್ರ ಒಂದೇ ಉತ್ತರ: "ಇರ್ಲಿ ಬಿಡ್ರಿ." ಆ ಎರಡು ಶಬ್ದ ನನ್ನ ಕಿವಿಯಲ್ಲಿ ಎಷ್ಟು ಸಲ ಬಿದ್ದಿವೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ನನಗೆ ಮೈ ಉರಿದಿದೆ.

ಅವರ ಹೆಸರು ಬರೆಯುವುದಿಲ್ಲ. ಚಿತ್ತಾಪುರದಲ್ಲಿ ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ನೋಡಿಯೂ ಇಲ್ಲ, ಎಲ್ಲರಿಗೂ ಆಚಾರ್ರು. ಮುಂಜಾನೆ ಹನುಮಪ್ಪನ ಗುಡಿಯಲ್ಲಿ ಪೂಜೆ, ಮಧ್ಯಾಹ್ನ ಊಟವಾದ ಮೇಲೆ ವಾಡಿ ರಸ್ತೆಯ ತಗಡಿನ ಶೆಡ್ಡಿನಲ್ಲಿ ಮೋಟರ್ ಸೈಕಲ್ ರಿಪೇರಿ. ಹಣೆಯ ಮೇಲೆ ಅಂಗಾರ ಅಕ್ಷತೆ, ತೋಳಿನ ಮೇಲೆ ಗೋಪೀಚಂದನದ ಮುದ್ರೆ, ಮೊಣಕೈಯಿಂದ ಕೆಳಗೆ ಕರೀ ಗ್ರೀಸು. ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟು ಪುಣೆಗೆ ಓಡಿಹೋಗಿ, ರೇಸಿನ ಗಾಡಿಗಳ ಗ್ಯಾರೇಜಿನಲ್ಲಿ ನಾಲ್ಕು ವರ್ಷ ಇದ್ದರಂತೆ. ತಂದೆ ತೀರಿಕೊಂಡ ಮೇಲೆ ಗುಡಿಯ ಸೇವೆ ನಿಲ್ಲಬಾರದೆಂದು ತಿರುಗಿ ಬಂದರಂತೆ. ಇದನ್ನೂ ಅವರು ಹೇಳಿದ್ದಲ್ಲ, ಅವರ ಹೆಂಡತಿ ಹೇಳಿದ್ದು.

ಏಕಾದಶಿಯ ದಿನ ಅವರು ಎಂಜಿನ್ ಬಿಚ್ಚುತ್ತಿದ್ದರೇ ಹೊರತು ಕೂಡಿಸುತ್ತಿರಲಿಲ್ಲ. ಮರುದಿನ ದ್ವಾದಶಿ, ಬೆಳಗಾಗುವಷ್ಟರಲ್ಲಿ ಪಾರಣೆ ಮುಗಿಸಿಕೊಂಡು ಬಂದು ಕೂಡಿಸುತ್ತಿದ್ದರು. ಗೊತ್ತಿದ್ದ ಗಿರಾಕಿಗಳು ಪಂಚಾಂಗ ನೋಡಿಕೊಂಡು ಗಾಡಿ ತರುತ್ತಿದ್ದರು, ಗೊತ್ತಿಲ್ಲದವರು ಬಿಚ್ಚಿದ ಗಾಡಿಯ ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದರು. "ಎಂಜಿನ್ನಿಗೂ ಉಪವಾಸ ಏನ್ರಿ?" ಎಂದು ನಾನೊಮ್ಮೆ ಚೇಷ್ಟೆ ಮಾಡಿದೆ. ಬಾಯ್ತುಂಬ ನಕ್ಕರು, ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಇನ್ನೊಂದು ಚಾಳಿ ಇತ್ತು. ಬಂದವರ ಮುಖ ನೋಡುವ ಮೊದಲು ಅವರ ಚಪ್ಪಲಿ ನೋಡುತ್ತಿದ್ದರು. ಶೆಡ್ಡಿನೊಳಗೆ ಗೋಣಿತಟ್ಟು ಹಾಸಿ ಅದರ ಮೇಲೆ ನಟ್ಟು ಬೋಲ್ಟುಗಳನ್ನು ಸಾಲಾಗಿ ಇಟ್ಟಿರುತ್ತಿದ್ದರಿಂದ ಎಲ್ಲರೂ ಹೊರಗೆ ಚಪ್ಪಲಿ ಬಿಟ್ಟೇ ಒಳಗೆ ಕಾಲಿಡಬೇಕು. ನಾವು ಮಾತಾಡುತ್ತ ಕೂತರೆ ಇವರು ಕೈ ಚಾಚಿ ಒಂದು ಚಪ್ಪಲಿ ಎತ್ತಿ, ತಿರುಗಿಸಿ, ಹಿಮ್ಮಡಿ ಎಲ್ಲಿ ಸವೆದಿದೆ ಎಂದು ನೋಡಿ ಮತ್ತೆ ಇಡುತ್ತಿದ್ದರು. ಗುಡಿಯಿಂದ ಬಂದ ಅಭ್ಯಾಸ ಅದು. ಗರ್ಭಗುಡಿಯಲ್ಲಿ ಕೂತವರಿಗೆ ಹೊಸ್ತಿಲಾಚೆ ಕಾಣುವುದು ಚಪ್ಪಲಿಗಳ ಸಾಲು ಮಾತ್ರ, ಯಾರು ಬಂದಿದ್ದಾರೆಂದು ಅದರಲ್ಲೇ ಗುರುತು ಹಿಡಿಯಬೇಕು. ಅವರ ಹೆಂಡತಿಗೆ ಇದು ತಲೆನೋವು. "ಮುಂಜಾನಿ ದೇವರ ಪಾದ, ಮಧ್ಯಾಹ್ನ ಮಂದಿ ಚಪ್ಪಲಿ. ಹಿಂಗಾದ್ರ ಮಡಿ ಹ್ಯಾಂಗ ಉಳೀತದ ಹೇಳ್ರಿ" ಎಂದು ನನ್ನ ಹತ್ತಿರವೇ ದೂರು ಹೇಳುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಸೇಡಂ ತಾಲೂಕಿನ ಮುಧೋಳ ಹೋಬಳಿಯಲ್ಲಿ ಕೃಷಿ ಸಹಾಯಕನಾಗಿದ್ದೆ. ಹೊಲ ಹೊಲ ತಿರುಗುವ ನೌಕರಿ. ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ, ಮಳೆ ಬಿದ್ದ ಮರುದಿನ ಮಾತ್ರ ಇಲ್ಲಿಯ ಕರೀ ಎರೆ ಮಣ್ಣು ನಮ್ಮಂಥವರನ್ನು ಅಳಿಸಿಬಿಡುತ್ತದೆ. ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಬಿಗಿದುಬಿಡುತ್ತದೆ, ಮುಂದೆ ಗಾಡಿ ಉರುಳುವುದೂ ಇಲ್ಲ, ಜಾರುವುದೂ ಇಲ್ಲ. ಒಮ್ಮೆ ಇಬ್ಬರು ರೈತರು ನನ್ನ ಗಾಡಿಯನ್ನು ಹೆಣದ ಹಾಗೆ ಎತ್ತಿ ಡಾಂಬರು ರಸ್ತೆಗೆ ತಂದಿಟ್ಟರು. ತೊಗರಿಗೆ ಬಿದ್ದ ಹುಳದ ಬಗ್ಗೆ ಹೇಳಲು ಹೋದವನು ಗಾಡಿಯ ಹಿಂದೆ ಕೆಸರು ಮೆತ್ತಿಕೊಂಡು ನಡೆದು ಬಂದೆ. ಆಗ ಯಾರೋ, ಎರೆಯಲ್ಲಿ ಓಡುವಂಥ ಗಾಡಿ ಮಾಡಿಕೊಡುವವರು ಒಬ್ಬರೇ ಇದ್ದಾರೆ, ಚಿತ್ತಾಪುರದ ಆಚಾರ್ರು ಎಂದರು.

ಹೋದೆ. ನನ್ನದು ಹಳೆಯ ನೂರು ಸಿಸಿಯ ಟೂ-ಸ್ಟ್ರೋಕ್ ಗಾಡಿ. ಕಷ್ಟವನ್ನೆಲ್ಲ ಹೇಳಿಕೊಂಡೆ. ಅವರು ನನ್ನ ಚಪ್ಪಲಿ ತಿರುಗಿಸಿ ನೋಡುತ್ತ ಕೂತಿದ್ದರು. ಅದೇ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ, ಶಹಾಬಾದಿನಿಂದ ಬಂದಿದ್ದ ಒಬ್ಬ ಕಲ್ಲಿನ ಲಾರಿಯವನು ನನ್ನನ್ನು ಮೇಲೆ ಕೆಳಗೆ ನೋಡಿ, "ಸಾಹೇಬ್ರು ಜರಾ ಕುಣಕೋತ ನಡೀತೀರಲ್ಲ" ಎಂದು ನಕ್ಕ. ನನಗೆ ಎಲ್ಲಿಂದ ಬಂತೋ ಸಿಟ್ಟು, ಕೈಗೆ ಸಿಕ್ಕ, ನಟ್ಟು ಬಿಚ್ಚುವ ಪಾನಾ ಎತ್ತಿ ಅವನ ಕಡೆ ಬೀಸಿದೆ. ಅವನ ಕಿವಿಯ ಪಕ್ಕದಲ್ಲಿ ಹಾದು ತಗಡಿಗೆ ಬಡಿಯಿತು. ಎಳವೆಯಿಂದ ನೇಗಿಲ ಸಾಲಿನಲ್ಲಿ ನಡೆದವರ ನಡಿಗೆ ಹಾಗೇ ಇರುತ್ತದೆ, ಅದರಲ್ಲಿ ನಗುವಂಥದ್ದೇನು ಎಂದು ಕೂಗಾಡಿದೆ. ಶಾಲೆಯಲ್ಲಿ ಕವಾಯತಿನ ಸಾಲಿನಿಂದ ನನ್ನನ್ನು ಹೊರಗೆ ನಿಲ್ಲಿಸುತ್ತಿದ್ದರು, ಆ ಉರಿ ಇನ್ನೂ ಒಳಗಿತ್ತು. ಆಚಾರ್ಯರು ಎದ್ದು ಹೋಗಿ ಪಾನಾ ಹೆಕ್ಕಿಕೊಂಡು, ಅರಿವೆಯಿಂದ ಒರೆಸಿ, ಅದರ ಜಾಗದಲ್ಲಿಟ್ಟರು. ನನ್ನ ಚಪ್ಪಲಿಯನ್ನೂ ಹೊರಗಿಟ್ಟರು. "ಎಂಟು ದಿನ ಬಿಟ್ಟು ಬರ್ರಿ" ಎಂದಷ್ಟೇ ಹೇಳಿದರು.

ಎಂಟು ದಿನ ಬಿಟ್ಟು ಹೋದರೆ ನನ್ನ ಗಾಡಿ ಎಲ್ಲೂ ಕಾಣಿಸಲಿಲ್ಲ. ಕಣ್ಣ ಮುಂದೆಯೇ ನಿಂತಿತ್ತು, ನನಗೆ ಗುರುತು ಹತ್ತಲಿಲ್ಲ. ಮುಂದಿನ ಮಡ್‌ಗಾರ್ಡ್ ಗಾಲಿಯಿಂದ ಗೇಣು ಮೇಲೆ ಹೋಗಿ ಲೈಟಿನ ಕೆಳಗೆ ಕೂತಿತ್ತು. ಸೈಲೆನ್ಸರ್ ಸೊಟ್ಟಗಾಗಿ ಸೀಟಿನ ಎತ್ತರಕ್ಕೆ ಎದ್ದಿತ್ತು. ಗಿಯರ್ ಲಿವರಿನ ಹಿಮ್ಮಡಿಯ ಭಾಗವನ್ನು ಕೊಯ್ದು ಹಾಕಿದ್ದರು. ಏರ್ ಫಿಲ್ಟರಿಗೆ ಹಳೇ ಪಂಚೆಯ ತುಂಡನ್ನು ಎಣ್ಣೆಯಲ್ಲಿ ನೆನೆಸಿ ಸುತ್ತಿದ್ದರು. ವಾಡಿಯ ಸಿಮೆಂಟ್ ಕಾರ್ಖಾನೆಯ ಧೂಳು ಒಳಗೆ ಹೋಗಬಾರದೆಂದು ಹಾಗೆ ಮಾಡಿದ್ದರು, ಇದೊಂದು ಮಾತ್ರ ನನಗೆ ತಾನಾಗಿ ತಿಳಿಯಿತು. ಹೈದರಾಬಾದಿನಿಂದ ತರಿಸಿದ, ಮೈತುಂಬ ರಬ್ಬರಿನ ಉಬ್ಬುಗಳಿದ್ದ ಗುಬುಟು ಟೈರು ಹಾಕಿದ್ದರು, ಹೊಚ್ಚ ಹೊಸದು. ಆದರೆ ಅದರ ಗುಬುಟುಗಳನ್ನು ಒಂದು ಬಿಟ್ಟು ಒಂದು ಬ್ಲೇಡಿನಿಂದ ಕೆತ್ತಿ ತೆಗೆದಿದ್ದರು! ಹಿಂದಿನ ಗಾಲಿಯ ಪಕ್ಕಕ್ಕೆ ಒಂದು ಚಪ್ಪಟೆ ಕಬ್ಬಿಣದ ಪಟ್ಟಿ ಬೇರೆ. ಕೊನೆಗೆ ಹತ್ತಲು ಹೋದಾಗ ಕಂಡದ್ದು, ಎಡಗಡೆಯ ಫುಟ್‌ರೆಸ್ಟ್ ಮೇಲೆ, ಬಲಗಡೆಯದು ಕೆಳಗೆ.

"ಆಚಾರ್ರೆ, ಇದು ಸೊಟ್ಟ ಕುಂತದ ನೋಡ್ರಿ."

"ಇರ್ಲಿ ಬಿಡ್ರಿ."

"ಹೊಸಾ ಟೈರ್ ಯಾಕ್ರಿ ಕೆತ್ತೀರಿ?"

"ಇರ್ಲಿ ಬಿಡ್ರಿ. ಓಡಿಸಿ ನೋಡ್ರಿ ಮೊದಲ."

ಟೈರಿನ ಕಾರಣ ನನಗೆ ಅವರಿಂದ ಸಿಗಲಿಲ್ಲ, ಮುಧೋಳದ ಮಳೆಯಿಂದ ಸಿಕ್ಕಿತು. ಗುಬುಟು ಒತ್ತಾಗಿದ್ದರೆ ಅವುಗಳ ಸಂದಿಯಲ್ಲಿ ಎರೆ ಮಣ್ಣು ತುಂಬಿ ಗಾಲಿ ಒನಕೆಯ ಹಾಗೆ ನುಣ್ಣಗಾಗುತ್ತದೆ. ದೂರ ದೂರ ಇದ್ದರೆ ಮಣ್ಣು ಸಿಡಿದು ಹೋಗುತ್ತದೆ. ಉಳಿದದ್ದನ್ನು ಆ ಕಬ್ಬಿಣದ ಪಟ್ಟಿ ಕೆರೆದು ಹಾಕುತ್ತದೆ. ಒಬ್ಬ ರೈತ ಆ ಪಟ್ಟಿ ನೋಡಿ, "ಅರೆ, ಇದು ನಮ್ಮ ಕುಂಟಿ ಕೆರಿಯೋ ಕೋಲು ಅಲ್ಲೇನ್ರಿ" ಎಂದ. ಹೌದು, ಕುಂಟೆಗೆ ಮೆತ್ತಿದ ಮಣ್ಣನ್ನು ಕೆರೆಯಲು ರೈತರು ಇಟ್ಟುಕೊಳ್ಳುವ ಕೋಲನ್ನೇ ಆಚಾರ್ಯರು ಗಾಡಿಗೆ ಕಟ್ಟಿದ್ದರು. ಕೃಷಿ ಇಲಾಖೆಯ ನನಗೆ ಹೊಳೆಯದ್ದು ಗುಡಿಯ ಪೂಜಾರಿಗೆ ಹೊಳೆದಿತ್ತು. ಅದನ್ನು ಮೊದಲೇ ಒಂದು ಮಾತಿನಲ್ಲಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅಂದು ತೊಗರಿ ಸಾಲುಗಳ ನಡುವಿನ ದಾರಿಯಲ್ಲಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಗಾಡಿ ಓಡಿಸಿದ್ದು ನನಗಿನ್ನೂ ನೆನಪಿದೆ. ಸೊಟ್ಟ ಎಂದು ಬೈದುಕೊಂಡಿದ್ದ ಆ ಫುಟ್‌ರೆಸ್ಟ್ ಕಾಲಿಗೆ ಹತ್ತಿದ್ದೇ ಗೊತ್ತಾಗಲಿಲ್ಲ. ಮೈ ಹಗುರಾಗಿತ್ತು. ಬದುಕಿನಲ್ಲಿ ಮೊದಲ ಸಲ ನಾನು ನೆಟ್ಟಗೆ ನಿಂತಿದ್ದೇನೆ ಅನ್ನಿಸಿತ್ತು. ಗಾಡಿಯ ಸಂತೋಷ ಎಂದುಕೊಂಡೆ.

ಆಮೇಲೆ ನಾನು ಅವರನ್ನು ಬಿಡಲಿಲ್ಲ. ರವಿವಾರ ಗುಡಿಯ ಪೂಜೆ ಮುಗಿಯುವ ಹೊತ್ತಿಗೆ ಚಿತ್ತಾಪುರಕ್ಕೆ ಹೋಗುತ್ತಿದ್ದೆ, ಇಬ್ಬರೂ ಶಹಾಬಾದಿನ ಕಲ್ಲಿನ ಖಣಿಗಳಿಗೆ ಹೋಗುತ್ತಿದ್ದೆವು. ಕಲ್ಲು ತೆಗೆದು ಬಿಟ್ಟ ಹಳೇ ಖಣಿಗಳು. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಬಂಡೆ, ಬದಿಗೆ ಒಡೆದ ಪರಸಿ ಹಾಸುಗಲ್ಲಿನ ಚೂರುಗಳ ಗುಡ್ಡೆ. ಅವರ ಗಾಡಿ ಮೂರು ಸತ್ತ ಗಾಡಿಗಳನ್ನು ಕೂಡಿಸಿ ಮಾಡಿದ್ದು. ಪಂಚೆಯನ್ನು ಕಚ್ಚೆ ಹಾಕಿ ಬಿಗಿದು, ಜನಿವಾರವನ್ನು ಬನಿಯನ್ನಿನೊಳಗೆ ಸೇರಿಸಿ, ಗಾಡಿಯ ಮೇಲೆ ಎದ್ದು ನಿಂತು ಅವರು ಆ ಬಂಡೆಯ ಮೆಟ್ಟಿಲು ಇಳಿಯುವುದನ್ನು ನೋಡಿದರೆ ಕಲ್ಲು ಒಡೆಯುವವರು ಸುತ್ತಿಗೆ ಕೆಳಗಿಟ್ಟು ನಿಲ್ಲುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ! ಕೆಳಗೆ ಹೋಗಿ ತಿರುಗಿ ನನ್ನ ಕಡೆ ನೋಡುತ್ತಿದ್ದರು, ಕಲಿಸಿದ್ದು ಅಷ್ಟೇ. ನಾನು ಬಿದ್ದರೆ ಎಬ್ಬಿಸುತ್ತಿದ್ದರು, ಯಾಕೆ ಬಿದ್ದೆ ಎಂದು ಹೇಳುತ್ತಿರಲಿಲ್ಲ.

ಒಮ್ಮೆ ತಾಳ್ಮೆ ತಪ್ಪಿ ಕೇಳಿಬಿಟ್ಟೆ. "ನಿಮ್ಮ ಹಿಂದ ಇದು ಯಾರಿಗಿ ಬರ್ಬೇಕ್ರಿ? ಒಂದರೆ ಬಾಯಿ ಬಿಟ್ಟು ಹೇಳ್ರಿ. ಆ ಫುಟ್‌ರೆಸ್ಟ್ ಯಾಕ ಮ್ಯಾಲದ?"

ಅವರು ಗಾಡಿಯ ಚೈನಿಗೆ ಎಣ್ಣೆ ಬಿಡುತ್ತಿದ್ದರು. "ನಿಮಗ ಓಡ್ತದಿಲ್ಲೊ?"

"ಓಡ್ತದ."

"ಸೊಂಟ ನೋಯ್ತದೇನು?"

"ಇಲ್ಲ."

"ಮತ್ತ? ಇರ್ಲಿ ಬಿಡ್ರಿ."

ಕೆಲವು ವರ್ಷಗಳ ಮೇಲೆ ಸೇಡಂನ ಕೆಲವು ಹುರುಪಿನ ಹುಡುಗರು ಸೇರಿ ಊರ ಹೊರಗೆ ಮೋಟರ್ ಸೈಕಲ್ ರೇಸ್ ಇಟ್ಟರು. ಸಂಕ್ರಾಂತಿ ಆದ ಮೇಲೆ ತೊಗರಿ ಕೊಯ್ದು ಖಾಲಿಯಾದ ಹೊಲ, ನಡುವೆ ಎರಡು ಒಡ್ಡು, ಏಳು ಸುತ್ತು. ಸೊಲ್ಲಾಪುರ, ಹೈದರಾಬಾದ್ ಕಡೆಯಿಂದೆಲ್ಲ ಜನ ಬರುತ್ತಾರೆಂದು ಸುದ್ದಿ. ಗೆಲ್ಲಬೇಕೆಂಬ ಹುಚ್ಚು ನನಗೆ ಹಿಡಿಯಿತು. ಎಂದೂ ಯಾವ ಸಾಲಿನಲ್ಲೂ ಮುಂದೆ ನಿಂತವನಲ್ಲ ನಾನು. ಕವಾಯತಿನಲ್ಲಿ ಹೊರಗೆ, ಓಟದಲ್ಲಿ ಕೊನೆಗೆ. ಒಂದು ಸಲ, ಒಂದೇ ಒಂದು ಸಲ, ನನ್ನ ತಾಲೂಕಿನ ಜನರ ಮುಂದೆ ಮೊದಲು ಬರಬೇಕಿತ್ತು. ಆಚಾರ್ಯರಿಗೆ ಹೇಳಿದೆ. ಅವರು ಒಂದು ತಿಂಗಳು ನನ್ನ ಗಾಡಿಯ ಮೇಲೆಯೇ ಕೂತರು. ಶಹಾಬಾದಿನ ಲೇಥಿನವನ ಹತ್ತಿರ ಹಿಂದಿನ ಗಾಲಿಗೆ ದೊಡ್ಡ ಹಲ್ಲಿನ ಚಕ್ರ ಮಾಡಿಸಿದರು. ಏಕಾದಶಿಯೊಂದು ಬಂದರೂ ನನಗಾಗಿ ಆ ದಿನವೇ ಕೂಡಿಸಿದರು. ಅವರ ಲೆಕ್ಕದಲ್ಲಿ ಅದು ಎಷ್ಟು ದೊಡ್ಡದೆಂದು ನನಗೆ ಆಗ ತಿಳಿಯಲಿಲ್ಲ.

ರೇಸಿಗೆ ಎರಡು ದಿನ ಮೊದಲು ಶಹಾಬಾದಿನಲ್ಲಿ ಒಬ್ಬ ಸವಾರ ಸಿಕ್ಕ. ಬೂಟು, ಕೈಗವಸು, ಎದೆಗೆ ಗುರಾಣಿ, ಎಲ್ಲ ಇದ್ದವನು. ನನ್ನ ಗಾಡಿ ಸುತ್ತ ಒಂದು ಸುತ್ತು ಬಂದು ಫುಟ್‌ರೆಸ್ಟ್ ನೋಡಿ ಬಿದ್ದು ಬಿದ್ದು ನಕ್ಕ. "ಯೇ ಕ್ಯಾ ಹೈ ಭಾಯಿ, ಒಂದು ಮ್ಯಾಲ ಒಂದು ತೆಳಗ? ನಿಮ್ಮ ಮಿಸ್ತ್ರಿಗಿ ಟೇಪ್ ಹಿಡೀಲಿಕ್ಕೆ ಬರಂಗಿಲ್ಲೇನು?" ಸುತ್ತ ನಿಂತವರೂ ನಕ್ಕರು. ನನಗೆ ತಲೆ ಕೆಟ್ಟಿತು. ಸಿಟ್ಟು ಅವನ ಮೇಲೆ ಹೋಗಬೇಕಿತ್ತು, ಕಾರಣ ಹೇಳದ ಆಚಾರ್ಯರ ಮೇಲೆ ಹೋಯಿತು. ನೇರ ಹೋಗಿ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಎಡಗಡೆಯದನ್ನು ಕೊಯ್ದು, ಬಲಗಡೆಯದಕ್ಕೆ ಸಮ ಮಾಡಿ ಬೆಸೆಸಿಕೊಂಡು ಬಂದೆ. ಮೇಲೆ ಕರೀ ಬಣ್ಣ ಬಳಿದೆ. ಆಚಾರ್ಯರಿಗೆ ಹೇಳಲಿಲ್ಲ.

ರೇಸಿನ ದಿನ ಜನವೋ ಜನ. ಮುಂಜಾನೆಯಿಂದ ಧೂಳು ಏಳುತ್ತಿತ್ತು. ಮೈಕ್ ಹಿಡಿದಿದ್ದ ಮುಖ್ಯಸ್ಥ ಬೇರೆ ಸೀಮೆಯವನು, ಕೆಂಪು ಮಣ್ಣಿನಲ್ಲಿ ಇಂಥ ರೇಸ್ ಮಾಡಿಸಿದವನು. ಧೂಳು ಅಡಗಲೆಂದು ನೀರಿನ ಟ್ಯಾಂಕರ್ ತರಿಸಿದ. ಆಚಾರ್ಯರು ಗಾಡಿ ಬಿಟ್ಟು ಅವನ ಹತ್ತಿರ ಓಡಿದರು.

"ನೀರ್ ಹಾಕಬ್ಯಾಡ್ರಿ. ಇದು ಎರಿ ಭೂಮಿ ಅದ."

"ಯಾಕ್ರಿ ಪಂಡಿತ್‌ಜಿ, ಧೂಳ್ ಏಳ್ತದಲ್ಲ?"

ಇವರು ಕೈ ಅಡ್ಡ ಹಿಡಿದರು. "ಇರ್ಲಿ ಬಿಡ್ರಿ. ಹಾಕಬ್ಯಾಡ್ರಿ ಅಂದ್ರ ಹಾಕಬ್ಯಾಡ್ರಿ."

ಅವನು ನಕ್ಕು ಟ್ಯಾಂಕರಿನವನಿಗೆ ಕೈ ಮಾಡಿದ. ಇಡೀ ಹೊಲ ನೀರಾಯಿತು. ಒಂದು ಮಾತು, ಗಾಲಿಗೆ ಮಣ್ಣು ಹಿಡಿಯುತ್ತದೆ ಎಂಬ ಒಂದು ಮಾತು ಸೇರಿಸಿದ್ದರೆ ಆ ಮನುಷ್ಯ ಕೇಳುತ್ತಿದ್ದ. ಈ ವಿಷಯದಲ್ಲಿ ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ನಿಜ ಹೇಳಬೇಕೆಂದರೆ ನಾನೂ ಅಲ್ಲೇ ನಿಂತಿದ್ದೆ. ನಾನು ಕೃಷಿ ಸಹಾಯಕ, ನಾನು ಹೇಳಿದ್ದರೆ ಇನ್ನೂ ಕೇಳುತ್ತಿದ್ದ. ನಾನು ಬಾಯಿ ಬಿಡಲಿಲ್ಲ. ಕೆತ್ತಿದ ಟೈರು, ಮಣ್ಣು ಕೆರೆಯುವ ಪಟ್ಟಿ ಇದ್ದದ್ದು ನನ್ನ ಗಾಡಿಗೆ ಮಾತ್ರ. ನೀರು ಬೀಳಲಿ ಎಂದೇ ನನ್ನ ಮನಸ್ಸು ಹೇಳುತ್ತಿತ್ತು.

ಆದದ್ದು ಹಾಗೇ. ಎರಡನೇ ಸುತ್ತಿನಲ್ಲಿ ಹೊಚ್ಚ ಹೊಸ ಗುಬುಟು ಟೈರಿನ ಗಾಡಿಗಳೆಲ್ಲ ಮಣ್ಣಿನ ಮುದ್ದೆ ಕಟ್ಟಿಕೊಂಡು ಒಂದೊಂದಾಗಿ ನಿಂತವು. ಎದೆಗುರಾಣಿಯವನು ಗಾಡಿಯ ಪಕ್ಕ ಮೊಣಕಾಲೂರಿ ಬೆರಳಿನಿಂದ ಮಣ್ಣು ಬಗೆಯುತ್ತಿದ್ದ. ಐದನೇ ಸುತ್ತಿಗೆ ಓಡುತ್ತಿದ್ದವು ಎರಡೇ ಗಾಡಿ, ನನ್ನದು ಮತ್ತು ಬಹಳ ಹಿಂದೆ ಕುಂಟುತ್ತ ಬರುತ್ತಿದ್ದ ಸೊಲ್ಲಾಪುರದವನದು. ಜನ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಸೊಂಟ ಒಂದು ಪಕ್ಕಕ್ಕೆ ಎಳೆಯುತ್ತಿತ್ತು, ಎಡಗಾಲು ಗಿಯರಿಗೆ ತಡವರಿಸುತ್ತಿತ್ತು, ಲಕ್ಷ್ಯ ಕೊಡಲಿಲ್ಲ. ಕೊನೆಯ ಸುತ್ತಿನ ಕೊನೆಯ ಒಡ್ಡು. ಏರುವ ಮೊದಲು ಗಿಯರ್ ಇಳಿಸಬೇಕು. ಎಡಗಾಲಿನ ಬೆರಳು ಲಿವರಿನ ಮೇಲೆ ಹೋಗಬೇಕಾದದ್ದು ಅದರ ಬದಿಗೆ ಬಡಿಯಿತು. ಮತ್ತೆ ಎತ್ತಿದೆ, ಮತ್ತೆ ಬದಿಗೆ. ಗಿಯರ್ ನಡುವೆ ಎಲ್ಲೋ ನಿಂತು ಎಂಜಿನ್ ಒಂದೇ ಸಮ ಚೀರಿತು. ಗಾಡಿ ಒಡ್ಡಿನ ಮೇಲಿಂದ ಹಿಂದಕ್ಕೆ ಜಾರಿ ನನ್ನ ಮೇಲೆ ಬಿತ್ತು. ನಾನು ಕೆಳಗೆ ಬಿದ್ದಿದ್ದಂತೆಯೇ ಸೊಲ್ಲಾಪುರದವನು ಎರಡೂ ಕಾಲಿನಿಂದ ತಳ್ಳಿಕೊಳ್ಳುತ್ತ, ಎತ್ತಿನ ಬಂಡಿಯ ವೇಗದಲ್ಲಿ ಗೆರೆ ದಾಟಿದ.

ಆಚಾರ್ಯರೇ ಮೊದಲು ಓಡಿ ಬಂದು ಗಾಡಿ ಎತ್ತಿದರು. ಏಟು ಬಿತ್ತೇನು ಎಂದು ಕೇಳಿದರು. ಮೈ ತುಂಬ ಕೆಸರಿನಲ್ಲಿ ಎದ್ದು ನಿಂತು ಅಷ್ಟು ಜನರ ಮುಂದೆ ನಾನು ಅವರಿಗೆ ಏನೇನೋ ಅಂದೆ. "ಇದೇನ್ರಿ ನಿಮ್ಮ ಕೆಲಸ? ಒಂದು ಗಿಯರ್ ನೆಟ್ಟಗ ಕೂಡ್ಸಲಿಕ್ಕ ಆಗ್ಲಿಲ್ಲ? ಗಂಟಿ ಬಾರಿಸಿಕೋತ ಗುಡ್ಯಾಗ ಇರ್ರಿ, ಗಾಡಿ ಮುಟ್ಟಬ್ಯಾಡ್ರಿ!" ಈ ಮಾತು ಬರೆಯುವಾಗ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಅವರು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗಿಯರ್ ಲಿವರ್ ಒಮ್ಮೆ ಆಡಿಸಿದರು. ಆಮೇಲೆ ಅವರ ಕಣ್ಣು ಫುಟ್‌ರೆಸ್ಟಿನ ಮೇಲೆ ಬಿತ್ತು. ಹೆಬ್ಬೆರಳಿನಿಂದ ಕೆಸರು ಒರೆಸಿದರು. ಕರೀ ಬಣ್ಣದ ಕೆಳಗೆ ಹೊಸ ಬೆಸುಗೆ ಕಾಣಿಸಿತು. ಬಹಳ ಹೊತ್ತು ಅದನ್ನೇ ಮುಟ್ಟಿ ನೋಡಿದರು. ಈಗ ಬೈಯುತ್ತಾರೆ, ಈಗಲಾದರೂ ಕಾರಣ ಹೇಳುತ್ತಾರೆ ಎಂದು ನಾನು ಕಾದೆ. ಸುತ್ತ ಐವತ್ತು ಜನ ನಿಂತಿದ್ದರು.

"ಬೆಸುಗಿ ಚೊಲೊ ಹಾಕ್ಯಾರ" ಎಂದರು. ಎದ್ದು ಪಂಚೆ ಕೊಡವಿಕೊಂಡು ಚಿತ್ತಾಪುರದ ಬಸ್ ಹಿಡಿಯಲು ಹೋದರು.

ಅಲ್ಲಿಂದ ಮುಂದೆ ನಾನು ಅವರ ಶೆಡ್ಡಿಗೆ ಹೋಗಲಿಲ್ಲ. ತಪ್ಪು ನನ್ನದೆಂದು ಅರ್ಧ ಗೊತ್ತಿತ್ತು. ಪಾದ ಕೆಳಗಿಳಿದು ಲಿವರ್ ಮೇಲೆಯೇ ಉಳಿದರೆ ಗಿಯರ್ ಸಿಗುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಆದರೆ ಮೊದಲಿಗೆ ಫುಟ್‌ರೆಸ್ಟನ್ನು ಮೇಲೆ ಯಾಕಿಟ್ಟರು? ಒಬ್ಬ ಬುದ್ಧಿವಂತನಿಗೆ ಹೇಳುವ ಹಾಗೆ ನನಗೆ ಹೇಳಿದ್ದರೆ ನಾನು ಕೊಯ್ಯುತ್ತಿದ್ದೆನೇ? ತಪ್ಪನ್ನು ಅವರ ಬಾಯಿಯ ಮೇಲೆ ಹಾಕಿ ನಾನು ಸುಮ್ಮನಾದೆ. ಅಷ್ಟರಲ್ಲಿ ಚಿಂಚೋಳಿ ತಾಲೂಕಿಗೆ ವರ್ಗವಾಯಿತು. ಐನಾಪುರದ ಕಡೆ ಕೆಲವು ವರ್ಷ ಅದೇ ಗಾಡಿಯಲ್ಲಿ ತಿರುಗಿದೆ. ಸೊಂಟ ಹಿಡಿಯಲು ಶುರುವಾಯಿತು. ಅಲ್ಲಿಯ ಕಲ್ಲುದಾರಿಯನ್ನು ಬೈದು, ಗಾಡಿಯನ್ನು ಮುಧೋಳದ ಅಣ್ಣನ ಮನೆಯ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಟ್ಟೆ.

ಒಮ್ಮೆ ಮಾತ್ರ ಸಿಕ್ಕಿದ್ದರು, ವಾಡಿ ಸ್ಟೇಷನ್ನಿನಲ್ಲಿ. ಎರಡು ಸಾವಿರದ ಮೇಲಿನ ವರ್ಷಗಳು ಅವು. ನಾನು ಹೆಂಡತಿ, ಅತ್ತೆ, ಮಾವ, ಮೈದುನರ ಜೊತೆ ಮದುವೆಗೆ ಹೊರಟಿದ್ದೆ. ಅವರು ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು, ತೀರ ಸೊರಗಿದ್ದರು. ನನ್ನ ಮುಖ ನೋಡುವ ಮೊದಲು ಬೂಟು ನೋಡಿದರು. ಗುರುತು ಹಿಡಿದರು.

"ಸೊಂಟ ಹ್ಯಾಂಗದರಿ?" ಎಂದರು. ಕ್ಷೇಮ ಸಮಾಚಾರವಿಲ್ಲ, ಮಕ್ಕಳೆಷ್ಟು ಎಂದಿಲ್ಲ.

ಬಿದ್ದ ದಿನವನ್ನು ಚುಚ್ಚುತ್ತಿದ್ದಾರೆ ಅನ್ನಿಸಿತು. "ಅದಿರ್ಲಿ ಆಚಾರ್ರೆ, ಈಗರೆ ಹೇಳ್ರಿ. ಯಾಕ ಅರ್ಧ ಇಂಚು ಮ್ಯಾಲ ಇಟ್ಟಿದ್ರಿ?"

ಅವರು ಬಾಯಿ ತೆರೆದರು. ಆಮೇಲೆ ನನ್ನ ಹಿಂದೆ ಕಿವಿಗೊಟ್ಟು ನಿಂತಿದ್ದ ಬೀಗರ ಸಾಲನ್ನು ಒಮ್ಮೆ ನೋಡಿದರು. "ಇರ್ಲಿ ಬಿಡ್ರಿ" ಎಂದರು. ನ್ಯಾಯವಾಗಿ ನಾನು ಅಂದು ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ರೈಲು ಬಂತು, ಹತ್ತಿದೆ.

ಅವರ ಅಂತ್ಯಕ್ರಿಯೆ ಮುಗಿಸಿಕೊಂಡು ಬಂದ ಮಳೆಗಾಲದಲ್ಲೇ ನನಗೆ ಹಾಸಿಗೆಯಿಂದ ಏಳಲು ಆಗದ ಹಾಗೆ ಸೊಂಟ ಹಿಡಿಯಿತು. ಗುಲಬರ್ಗಾದಲ್ಲಿ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಮಾತ್ರೆ ಬರೆಯಲಿಲ್ಲ, ಎಕ್ಸ್‌ರೇ ತೆಗೆಸಲಿಲ್ಲ. ಮೇಜಿನ ಮೇಲೆ ಅಂಗಾತ ಮಲಗಿಸಿ, ಟೇಪು ತೆಗೆದುಕೊಂಡು ಸೊಂಟದ ಎಲುಬಿನಿಂದ ಪಾದದ ಗಂಟಿನವರೆಗೆ ಎರಡೂ ಕಾಲು ಅಳೆದರು. ಮತ್ತೊಮ್ಮೆ ಅಳೆದರು.

"ನಿಮ್ಮ ಎಡಗಾಲು ಅರ್ಧ ಇಂಚು ಗಿಡ್ಡದ. ಹುಟ್ಟಾ ಇರ್ಬೇಕು. ಇಷ್ಟು ವರ್ಷ ಯಾರೂ ಹೇಳಿಲ್ಲೇನ್ರಿ ನಿಮಗ?"

ಮೇಜಿನ ಮೇಲೆ ಮಲಗಿಕೊಂಡೇ ನಾನು ಗೋಡೆ ನೋಡಿದೆ. ಯಾರು ಹೇಳುತ್ತಾರೆ? ಹೇಳಿದ ಒಬ್ಬನ ಮೇಲೆ ಪಾನಾ ಬೀಸಿದ್ದೆ, ಆಚಾರ್ಯರ ಕಣ್ಣೆದುರಿಗೆ. ನನ್ನ ಚಪ್ಪಲಿ ಆಗ ಅವರ ಕೈಯಲ್ಲೇ ಇತ್ತು. ಅವರು ಅದರ ಸವೆತದಲ್ಲೇ ನನ್ನ ಕಾಲು ಅಳೆದರು, ಗಾಡಿಯನ್ನು ನನ್ನ ಮೈಗೆ ಹೊಲಿದುಕೊಟ್ಟರು, ಬಾಯಿ ಮುಚ್ಚಿಕೊಂಡರು. ನಾನೇ ಅದನ್ನು ಕೊಯ್ಯಿಸಿ ಬಣ್ಣ ಬಳಿದೆ. ಡಾಕ್ಟರಿಗೆ, "ಒಬ್ಬರಿಗೆ ಗೊತ್ತಿತ್ರಿ" ಎಂದೆ.

ಸಮಾಧಾನವಾಯಿತೇ ಎಂದರೆ ಇಲ್ಲ. ಸಿಟ್ಟು ಹೆಚ್ಚೇ ಆಯಿತು. ಖಣಿಯಲ್ಲಿ ನಾವಿಬ್ಬರೇ ಇದ್ದ ಎಷ್ಟು ರವಿವಾರಗಳಿದ್ದವು, ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ ನಾನು ಅವರ ಮೇಲೂ ಏನಾದರೂ ಬೀಸುತ್ತಿದ್ದೆನೋ ಏನೋ, ಆ ಮಾತು ಬೇರೆ. ಮುಧೋಳಕ್ಕೆ ಹೋಗಿ ಕೊಟ್ಟಿಗೆಯಲ್ಲಿ ಗಾಡಿಯ ಮೇಲಿನ ಹೊಟ್ಟು ಒರೆಸಿದೆ. ಎಡಗಡೆಯ ಫುಟ್‌ರೆಸ್ಟಿನ ಮೇಲೆ ಅರ್ಧ ಇಂಚಿನ ಒಂದು ಪರಸಿ ಚೂರು ಇಟ್ಟು, ಸ್ಟ್ಯಾಂಡಿನ ಮೇಲಿದ್ದ ಗಾಡಿಯ ಮೇಲೆಯೇ ಎದ್ದು ನಿಂತೆ. ಸೊಂಟದಲ್ಲಿ ಏನೋ ಸಡಿಲಾಗಿ ತನ್ನ ಜಾಗಕ್ಕೆ ಹೋಗಿ ಕೂತಿತು. ಅಂದು ತೊಗರಿ ಸಾಲಿನ ನಡುವೆ ನೆಟ್ಟಗೆ ನಿಂತಿದ್ದು ಮೈಗೆ ನೆನಪಾಯಿತು. ಅಣ್ಣನ ಎಮ್ಮೆಗಳ ಮುಂದೆ ನಿಂತು ನಾನು ಅತ್ತುಬಿಟ್ಟೆ.

ಬೆಸುಗೆ ಮಾತ್ರ ಇನ್ನೂ ಗಟ್ಟಿಯಾಗಿತ್ತು, ಅವರು ಹೇಳಿದ್ದು ಖರೆ.

ಎಡಗಾಲಿನ ಬೂಟಿಗೆ ಅರ್ಧ ಇಂಚು ಹೆಚ್ಚು ಅಟ್ಟೆ ಹಾಕಿಸಿಕೊಳ್ಳಲು ಡಾಕ್ಟರು ಹೇಳಿದ್ದರು. ಸೇಡಂ ಬಸ್‌ಸ್ಟ್ಯಾಂಡಿನ ಹೊರಗೆ ಕೂಡುವ ಮುದುಕನ ಹತ್ತಿರ ಹೋಗಿ ಬೂಟು ಬಿಚ್ಚಿಕೊಟ್ಟೆ. ಅವನು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ. ಬಸ್ಸಿಗೆ ಕಾಯುವ ಜನ ಸುತ್ತ ನಿಂತಿದ್ದರು. ಅವರಲ್ಲಿ ಇಬ್ಬರು ಮುಧೋಳದವರು, ನನ್ನ ಗುರುತಿನವರು.

"ಒಂದಕ್ಕೇ ಯಾಕ್ರಿ ಸಾಹೇಬ್ರ? ಎರಡಕ್ಕೂ ಹಾಕಿಬಿಡ್ಲ್ಯಾ, ಚಂದ ಕಾಣ್ತದ."

ಮುಧೋಳದವರು ನನ್ನ ಕಡೆ ತಿರುಗಿದರು.

"ಇರ್ಲಿ ಬಿಡ್ರಿ ಕಾಕಾ" ಎಂದೆ. "ಒಂದಕ್ಕೇ ಹಾಕ್ರಿ."